ನೂರಕ್ಕೆ ನೂರು ತುಂಬಿದ ಬ್ಯಾಟರಿ

ಶಿಷ್ಯ ಮುರಿಗೆಪ್ಪ ಕೇಳಿದ: "ಗುರುಗಳೇ, ಗುಡ್ಡದ ಕೆಳಗಿನ ಊರಿನವರು ಮಕ್ಕಳಿಗೆ ಪಾಠ ಹೇಳಲು ಬಾ ಎಂದು ಮೂರನೆಯ ಸಲ ಕರೆದಿದ್ದಾರೆ. ನನ್ನ ಓದು ಇನ್ನೂ ಪೂರ್ತಿಯಾಗಿಲ್ಲ. ಪೂರ್ತಿಯಾದ ಮೇಲೆ ಹೋಗುವುದು ಸರಿಯಲ್ಲವೇ?"

ಗುರುಗಳ ಮುಖ ಗಂಟಿಕ್ಕಿತು. ಆದರೂ ಕತೆ ಹೇಳಿದರು.

ಒಂದು ಸೀಮೆ. ಬಯಲಲ್ಲಿ ಸೋಲಾರ್ ಫಲಕಗಳು, ದಿಣ್ಣೆಯ ಮೇಲೆ ಗಾಳಿಯಂತ್ರಗಳು, ನಡುವೆ ದೊಡ್ಡ ಬ್ಯಾಟರಿ ಘಟಕ. ನಲವತ್ತು ಹಳ್ಳಿಗಳು ಈ ಮೂರನ್ನೇ ನಂಬಿದ್ದವು. ಬಿಸಿಲು, ಗಾಳಿ ಎರಡೂ ಕೈಕೊಟ್ಟ ದಿನಕ್ಕೆಂದೇ ಬ್ಯಾಟರಿ ಇಟ್ಟದ್ದು.

ಅದಕ್ಕೆ ಒಬ್ಬ ಉಸ್ತುವಾರಿ. ಮೇಲಧಿಕಾರಿ ಪ್ರತಿ ಸೋಮವಾರ ಬಂದು ಒಂದೇ ಮಾತು ಕೇಳುತ್ತಿದ್ದ: ಎಷ್ಟು ತುಂಬಿದೆ? ನೂರಕ್ಕೆ ನೂರು ಎಂದರೆ ಬೆನ್ನು ತಟ್ಟುತ್ತಿದ್ದ. ಎಷ್ಟು ಕೊಟ್ಟೆ ಎಂದು ಆ ಮಹಾನುಭಾವ ಒಂದು ದಿನವೂ ಕೇಳಲಿಲ್ಲ. ಉಸ್ತುವಾರಿ ತುಂಬಿಸುವುದನ್ನಷ್ಟೇ ಕಲಿತ. ತುಂಬಿದ್ದಕ್ಕೆ ಇನ್ನೆಲ್ಲಿ ತುಂಬಿಸುವುದು? ಒಳ್ಳೆಯ ಗಾಳಿ ಬೀಸುವಾಗಲೂ ಯಂತ್ರಗಳನ್ನು ನಿಲ್ಲಿಸಬೇಕಾಯಿತು. ನಾಚಿಕೆಗೇಡು! ಆದರೂ ಸೋಮವಾರ ಅವನಿಗೆ ಶಹಬ್ಬಾಸ್ ತಪ್ಪಲಿಲ್ಲ.

ಒಂದು ಭಾನುವಾರ ಮೋಡ ಕವಿಯಿತು. ಎಲೆಯೂ ಅಲುಗಲಿಲ್ಲ. ಮಧ್ಯಾಹ್ನಕ್ಕೇ ಹಳ್ಳಿಗಳ ಕರೆಂಟು ಹೋಯಿತು. ಒಂದು ಸಣ್ಣ ಆಸ್ಪತ್ರೆಯಲ್ಲಿ, ಏಳು ತಿಂಗಳಿಗೇ ಹುಟ್ಟಿದ ಕೂಸನ್ನು ಕಾವು ಕೊಡುವ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆ ಆರತೊಡಗಿತು. ನರ್ಸು ಘಟಕಕ್ಕೆ ಓಡಿ ಬಂದಳು.

"ಯಣ್ಣಾ, ಕೂಸಿನ ಕೈಕಾಲು ತಣ್ಣಗಾಗಾಕತ್ಯಾವ. ಲೈನ್ ಬಿಡು, ನಿನ್ನ ಕಾಲಿಗೆ ಬೀಳ್ತೀನಿ."

"ನಾಳೆ ಸಾಹೇಬ್ರು ಬರ್ತಾರ ಯಕ್ಕಾ. ಈಗ ಬಿಟ್ರ ತುಂಬಸೂದು ಯಾವಾಗ? ಅವರು ನೋಡಿ ಹೋಗ್ಲಿ, ಆಮ್ಯಾಲೆ ಬೇಕಾದಷ್ಟು ಬಿಡ್ತೀನಿ."

ಅವಳು ಅತ್ತಳು, ಬೈದಳು, ಬಾಗಿಲು ಬಡಿದಳು. ಅವನು ಚಿಲಕ ಹಾಕಿಕೊಂಡ. ಆಸ್ಪತ್ರೆಯಲ್ಲಿ ತಾಯಿ ಕೂಸನ್ನು ಸೆರಗಿನೊಳಗೆ ಎದೆಗೊತ್ತಿಕೊಂಡು ಕೂತಳು. ಆ ಬಿಸಿ ಸಾಲಲಿಲ್ಲ. ಹೊತ್ತು ಮುಳುಗುವ ಮೊದಲೇ ಕೂಸು ತೀರಿಕೊಂಡಿತು.

ಸೋಮವಾರ ಅಧಿಕಾರಿ ಬಂದ. ಎಷ್ಟು ತುಂಬಿದೆ ಎಂದ. ನೂರಕ್ಕೆ ನೂರು ಎಂದ ಉಸ್ತುವಾರಿ. ಅಧಿಕಾರಿ ಅವನ ಬೆನ್ನು ತಟ್ಟಿ ಜೀಪು ಹತ್ತಿದ.

ಕತೆ ಮುಗಿಯುವಷ್ಟರಲ್ಲಿ ಗುರುಗಳ ದನಿ ಸಿಟ್ಟಿನಿಂದ ಏರಿತ್ತು. ಮುರಿಗೆಪ್ಪನಿಗೂ ತಡೆಯಲಾಗಲಿಲ್ಲ. "ಎಂಥ ಪಾಪಿ ಅವನು!" ಎಂದ.

ಗುರುಗಳು ಅವನನ್ನೇ ನೋಡಿದರು. "ಅವನಿಗಾದರೂ ಸಾಹೇಬನ ಭಯವಿತ್ತು. ನಿನಗೆ ಯಾರದು?"