ಯಂಕೋಬ ನಾಳೆಗೆ ಇಟ್ಟ ರೊಟ್ಟಿ

ನಂಬದವರು ಈಗಲೇ ಎದ್ದು ಹೋಗಬಹುದು. ಇದು ನಾನು ಯಾರಿಂದಲೋ ಕೇಳಿದ್ದಲ್ಲ, ಯಂಕೋಬನಿಗೆ ಕಲಿಸಿದವನೇ ನಾನು. ನಮ್ಮೂರಲ್ಲಿ ಇಂಗ್ಲಿಷ್ ಅಂದರೆ ನಾನು, ನಾನು ಅಂದರೆ ಇಂಗ್ಲಿಷ್.

ಒಂದಿನ ಹುಲಿಗೆವ್ವ ತನ್ನ ಮಗ ಯಂಕೋಬನ ಕೈ ಹಿಡಿದು ಎಳಕೊಂಡು ಬಂದಳು.

"ತಮ್ಮಾ, ಹೊಳಿದಂಡಿ ಲಾಡ್ಜಿನ ಸಾವ್ಕಾರ್ರು ಇವನನ್ನ ಕೆಲಸಕ್ಕ ಇಟ್ಕೊಂಡಾರ. ಅಲ್ಲಿ ಇಳಕೊಳ್ಳೋರು ಪರದೇಶದವರು. ಯಾವ ಕೆಲಸ ಮುಗೀತು ಅಂತ ಇಂಗ್ಲಿಷಿನಾಗ ಹೇಳಬೇಕಂತ. ಎಂಟು ದಿನ ನೋಡಿ, ಬರಲಿಲ್ಲಂದ್ರ ಮನಿಗೆ ಕಳಸ್ತಾರಂತ. ಮೂರು ಕಡೆಯಿಂದ ಈಗಾಗಲೇ ಕಳಿಸ್ಯಾರ, ಇದೇ ಕಡೀದು."

"ಚಿಂತಿ ಬಿಡು ಅತ್ತಿ. ಯಂಕೋಬ, ಕೇಳು. ವಾಶ್ ಅಂದ್ರ ತೊಳಿ. ಅದರ ಬಾಲಕ್ಕ ಇ-ಡಿ ಹಚ್ಚಿ ವಾಶ್ಡ್ ಅಂದ್ರ ಕೆಲಸ ಮುಗೀತು."

ಮರುದಿನ ಯಂಕೋಬ ಹಾಸಿಗೆ ಬಟ್ಟೆಯ ರಾಶಿಯ ಮುಂದೆ ನಿಂತು "ವಾಶ್ಡ್" ಅಂದ. ಅಂದು ನೆರಳಿಗೆ ಹೋಗಿ ಕೂತ.

"ಎಲ್ಲಿ ತೊಳೆದೀಯಲೇ?" ಅಂದರು ಸಾವ್ಕಾರರು.

"ಬಾಲ ಹಚ್ಚೀನ್ರಿ. ಮುಗೀತು."

ನಾನು ಬೈದೆ. "ಮೊದಲು ಕೈ ಕೆಲಸ ಮುಗೀಬೇಕಲೇ, ಆಮೇಲೆ ಬಾಯಿ. ಪೂರಾ ಮುಗಿಯೋ ತನಕ ತುಟಿ ಬಿಚ್ಚಬ್ಯಾಡ."

ಮರುದಿನ ಅವನನ್ನು ಹಾಲು ಕಾಯಿಸಲು ಕೂರಿಸಿದರು. ಹಾಲು ಉಕ್ಕಿತು, ಯಂಕೋಬ ಸುಮ್ಮನಿದ್ದ. ಸುರಿದು ಒಲೆ ಆರಿತು, ಸುಮ್ಮನಿದ್ದ. ಪಾತ್ರೆಯಲ್ಲಿ ತೊಟ್ಟೂ ಉಳಿಯದಾದಾಗ ಎದ್ದು ನಿಂತು "ಬಾಯ್ಲ್ಡ್" ಅಂದ.

ಮತ್ತೆ ಬೈದೆ, ಮತ್ತೆ ಕಲಿಸಿದೆ. "ಈಗಷ್ಟೇ ಮುಗಿಸೀದಿ, ಮಾಡಿದ್ದು ಇನ್ನೂ ಕಣ್ಮುಂದೆ ಕಾಣ್ತದ ಅಂದ್ರ ಹ್ಯಾವ್ ಸೇರಿಸು. ಐ ಹ್ಯಾವ್ ಕ್ಲೀನ್ಡ್."

ಯಂಕೋಬ ಪಡಸಾಲೆ ಒರೆಸಿ "ಐ ಹ್ಯಾವ್ ಕ್ಲೀನ್ಡ್" ಅಂದ. ತಪ್ಪೇ ಇಲ್ಲ. ಆದರೆ ಕೋಲು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟ. ನೆಲ ಒಣಗಿದಂತೆಲ್ಲ ನೀರು ಚಿಮುಕಿಸಿದ. ಪರದೇಶದವರು ಮಧ್ಯಾಹ್ನದ ತನಕ ಕೋಣೆಯಿಂದ ಹೊರಗೆ ಬರಲಿಲ್ಲ.

"ದಾರಿ ಬಿಡಲೇ," ಅಂದರು ಸಾವ್ಕಾರರು.

"ತುಳಿದ್ರ ಕಾಣಂಗಿಲ್ರಿ. ಕಾಣದಿದ್ರ ನಾ ಹೇಳಿದ್ದು ಸುಳ್ಳಾಗ್ತದ."

ಏಳನೇ ದಿನ ಹುಲಿಗೆವ್ವ ನನ್ನ ಮನೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ನಾನು ಸೋಲುವ ಪೈಕಿ ಅಲ್ಲ.

"ಯಂಕೋಬ, ಹ್ಯಾವ್ ಮರೆತುಬಿಡು. ಯಸ್ಟರ್ಡೇ ಐ ಕುಕ್ಡ್. ನಿನ್ನೆ ಅಡಿಗಿ ಮಾಡಿದೆ. ಇದೊಂದು ಸರಿಯಾಗಿ ಹೇಳು, ಸಾಕು."

ಅವತ್ತು ಮಧ್ಯಾಹ್ನ ಅವನು ತೆಳ್ಳಗೆ ನಲವತ್ತು ಜೋಳದ ರೊಟ್ಟಿ ಬಡಿದ. ಬಡಿದು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕಿಟ್ಟ. ಪರದೇಶದವರು ತಾಟು ಹಿಡಿದು ಕಾಯುತ್ತಿದ್ದರು.

"ರೊಟ್ಟಿ ಎಲ್ಲಲೇ?" ಅಂದರು ಸಾವ್ಕಾರರು.

"ನಾಳೆ ಕೊಡ್ತೀನ್ರಿ. ಇವತ್ತೇ ಕೊಟ್ರ ಯಸ್ಟರ್ಡೇ ಹೆಂಗ ಅನ್ನಲಿ?"

ಜನ ಬಾಳೆಹಣ್ಣು ತಿಂದು ಮಲಗಿದರು.

ಎಂಟನೇ ದಿನ ಬೆಳಿಗ್ಗೆ ಯಂಕೋಬ ಗಂಟು ಬಿಚ್ಚಿ "ಯಸ್ಟರ್ಡೇ ಐ ಕುಕ್ಡ್" ಅಂದ. ರೊಟ್ಟಿ ಒಣಗಿ ಹಪ್ಪಳದ ಹಾಗೆ ಕಟಕಟ ಅನ್ನುತ್ತಿತ್ತು. ಒಬ್ಬಳು ಮುರಿದು ಶೇಂಗಾ ಚಟ್ನಿ ಹಚ್ಚಿ ತಿಂದಳು, ಮತ್ತೊಂದು ಕೇಳಿದಳು. ನೋಡುತ್ತಿದ್ದ ಹಾಗೆ ಎಲ್ಲರೂ ಕೈ ಹಾಕಿದರು. ಮಿಕ್ಕಿದ್ದನ್ನು ರೈಲಿಗೆ ಬುತ್ತಿ ಕಟ್ಟಿಸಿಕೊಂಡರು.

ಸಾವ್ಕಾರರು ಖಾಲಿ ಬಟ್ಟೆ ಕೊಡವಿ ಮಡಚಿದರು. ಆಮೇಲೆ ಯಂಕೋಬನಿಗೆ ರೊಟ್ಟಿ ಬಡಿಯುವ ಕೆಲಸ ಖಾಯಂ ಮಾಡಿ ಕೊಟ್ಟರು.