ಒಂಬತ್ತು ಒಲೆಯ ದಾರಿ

ಹತ್ತಿರ ಬನ್ನಿ, ಹೇಳುತ್ತೇನೆ. ಘಟ್ಟದ ಕೆಳಗಿನಿಂದ ಉಪ್ಪು ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಕಾಲ. ಬಯಲುಸೀಮೆಯ ಒಂದು ಊರಿನಲ್ಲಿ ಹಾಲವ್ವ ಎಂಬ ತಾಯಿ, ಕೊಟ್ರ ಎಂಬ ಮಗ. ಮಗನಿಗೆ ಎತ್ತಿನ ಬಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವ್ವನ ಗೋಳು. ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ. ಹಿತ್ತಲ ಗೋಡೆ ಹಾರಿ ಬಂದ ಮೇಕೆಗಳು ಒಂದು ಚೀಲ ಜೋಳ ತಿಂದುಹೋದವು. ಬಾಗಿಲು ಮಾತ್ರ ಅಲ್ಲೇ ಇತ್ತು.

ಹಾಲವ್ವನ ಗಂಡ ಬೊಮ್ಮಣ್ಣ ಉಪ್ಪಿನ ಗಾಡಿ ಹೊಡೆಯುತ್ತಿದ್ದವನು. ಬೇಸಗೆ ಬಂದರೆ ಜೋಳ ಹೇರಿಕೊಂಡು ಘಟ್ಟ ಇಳಿಯುವುದು, ಉಪ್ಪು ಹೇರಿಕೊಂಡು ಘಟ್ಟ ಹತ್ತುವುದು. ಬಂದವನನ್ನು ಹಾಲವ್ವ ಕೇಳುತ್ತಿದ್ದಳು:

"ಸಮುದ್ರ ಹೆಂಗಿರತೈತಿ?"

"ಹೇಳಿದರೆ ತಿಳಿಯಂಗಿಲ್ಲ. ಮುಂದಿನ ವರ್ಷ ಕರಕೊಂಡು ಹೋಗ್ತೀನಿ."

ಇಪ್ಪತ್ತು ಬೇಸಗೆ ಹೀಗೇ ಕೇಳಿದಳು. ಇಪ್ಪತ್ತು ಬೇಸಗೆ ಅವನು ಹೀಗೇ ಹೇಳಿದ. ಆಮೇಲೆ ಅವನು ತೀರಿಕೊಂಡ. ಗಾಡಿ ನಾಲ್ಕು ವರ್ಷ ಮೂಕಿಮರ ನೆಲಕ್ಕೆ ಊರಿ ನಿಂತಿತು.

ಈ ಸಲ ಯುಗಾದಿಯ ಸಂಜೆ ಎಲ್ಲರೂ ಚಂದ್ರನನ್ನು ಕಂಡರು. ಹಾಲವ್ವನಿಗೆ ಕಾಣಲಿಲ್ಲ. ಕಣ್ಣಿಗೆ ಪೊರೆ ಬರುತ್ತಿತ್ತು.

"ಲೇ ಕೊಟ್ರಾ, ಕಣ್ಣು ಪೂರಾ ಹೋಗೋದರೊಳಗೆ ಸಮುದ್ರ ನೋಡಬೇಕು. ನಾನು, ನೀನು, ನಿಮ್ಮಕ್ಕ ದುರುಗವ್ವ, ಅವಳ ಮಕ್ಕಳು. ನಿಮ್ಮಪ್ಪನ ದಾರೀಲೇ ಹೋಗೋಣ. ಪಕ್ಕದೂರಿನ ಓಬಜ್ಜ ಅಪ್ಪನ ಜೋಡಿ ಗಾಡಿ ಹೊಡೆದವನು. ಎಲ್ಲೆಲ್ಲಿ ಇಳಕೋಬೇಕು, ಎಲ್ಲಿ ನೀರು ಸಿಗತೈತಿ, ಅವನ್ನ ಕೇಳು. ಕೇಳಿ ಲಗೂನ ಬಾ."

ಕೊಟ್ರ ಹೋದ. ಹೊಸ್ತಿಲಲ್ಲಿ ನಿಂತು ಕೇಳಿದ. ಓಬಜ್ಜನ ಬಾಯಿ ತುಂಬ ಎಲೆಅಡಿಕೆ. ಮುದುಕ ಎದ್ದು ಹೊರಗೆ ಬಂದು ಉಗುಳುವಷ್ಟರಲ್ಲಿ ಕೊಟ್ರ ಊರ ಗಡಿ ದಾಟಿದ್ದ.

"ಏನಂದ ಓಬಜ್ಜ?"

"ಏನೂ ಅನ್ನಲಿಲ್ಲ ಯವ್ವ. ಕೇಳಿ ಲಗೂನ ಬಾ ಅಂದಿದ್ದಿ. ಕೇಳಿದೆ. ಲಗೂನ ಬಂದೆ."

"ಅಯ್ಯೋ ನನ್ನ ಹಣೆಬರಹವೇ! ಹಿರೇರ ಮಾತು ಪೂರಾ ಮುಗಿಯೋ ತನಕ ಕೂತಿರಬೇಕು ಕಣೋ!"

"ಆಯ್ತವ್ವ. ಇನ್ನು ಮೇಲೆ ಹಂಗೇ ಮಾಡ್ತೀನಿ."

ಮತ್ತೆ ಹೋದ. ಕೂತ. ಕೊಟ್ಟ ನೀರು ಕುಡಿದು ಮುಗಿಸುವುದರೊಳಗೆ ಓಬಜ್ಜ ಒಂಬತ್ತು ತಂಗುದಾಣ ಹೇಳಿ ಮುಗಿಸಿದ. ಆಮೇಲೆ ಮೊಣಕಾಲಿನ ಮಾತು ತೆಗೆದ. ಅದಕ್ಕೆ ಒಂದು ದಿನ. ಆಮೇಲೆ ಸೊಸೆಯರು. ಮೂವರು ಸೊಸೆಯರಿಗೆ ಮೂರು ದಿನ. ಐದನೆಯ ದಿನ ಮುದುಕ ಅರ್ಧ ಮಾತಿನಲ್ಲೇ ನಿದ್ದೆ ಹೋದ. ಮಾತು ಮುಗಿದಿರಲಿಲ್ಲವಲ್ಲ, ಕೊಟ್ರ ಕಾದ. ಎದ್ದ ಮೇಲೆ ಉಳಿದರ್ಧವನ್ನೂ ಕೇಳಿಕೊಂಡು ಬಂದ.

"ಎಲ್ಲಿ, ಒಂಬತ್ತು ಜಾಗ ಹೇಳು."

"ಅದು ಮೊದಲನೇ ದಿನದ್ದು ಯವ್ವ. ಅದರ ಮೇಲೆ ಮೊಣಕಾಲು ಬಂತು, ಸೊಸೇರು ಬಂದ್ರು. ನಡುವಿನ ಸೊಸಿ ಹಿತ್ತಾಳೆ ಕೊಡ ತವರಿಗೆ ಸಾಗಿಸ್ಯಾಳ, ಗೊತ್ತಾ ನಿನಗೆ?"

"ಅವಳು ಮನೀನೇ ಸಾಗಿಸಲಿ, ನನಗೇನು! ಒಂದೊಂದು ಜಾಗಕ್ಕೆ ಹಗ್ಗದಾಗ ಒಂದೊಂದು ಗಂಟು ಹಾಕ್ಕೋಬೇಕು ಕಣೋ! ಹಾಕಿದ್ದರೆ ಮರೀತಿತ್ತಾ?"

"ಆಯ್ತವ್ವ. ಇನ್ನು ಮೇಲೆ ಹಂಗೇ ಮಾಡ್ತೀನಿ."

ಮೂರನೇ ಸಲ ಎತ್ತು ಹಿಡಿದುಕೊಂಡು ಹೋದ. ಕೈಯಲ್ಲಿದ್ದ ಹಗ್ಗ ಅದೊಂದೇ, ಎತ್ತಿನದು. ಓಬಜ್ಜ ಒಂದು ಜಾಗ ಹೇಳಿದ, ಕೊಟ್ರ ಒಂದು ಗಂಟು ಹಾಕಿದ. ಗಂಟು ಬಿದ್ದಷ್ಟೂ ಹಗ್ಗ ಗಿಡ್ಡ, ಎತ್ತು ಹತ್ತಿರ. ಒಂಬತ್ತನೇ ಗಂಟಿಗೆ ಎತ್ತಿನ ಮೂತಿ ಅವನ ಕೈಗೆ ತಾಗಿತು. ಊರಿಗೆ ಬರುವಾಗ ಎತ್ತು, ಕೊಟ್ರ, ಇಬ್ಬರೂ ಕೆನ್ನೆಗೆ ಕೆನ್ನೆ ಹಚ್ಚಿಕೊಂಡು ಬಂದರು.

ಹಾಲವ್ವ ಮೊದಲನೇ ಗಂಟು ಹಿಡಿದಳು. "ಇದು ಯಾವ ಜಾಗ?"

"ಅದು ಗಂಟು, ಯವ್ವ."

ಹಾಲವ್ವ ತಲೆ ಮೇಲೆ ಕೈ ಹೊತ್ತು ಕೂತಳು.

"ಆದರೆ ಬರೋವಾಗ ಓಬಜ್ಜ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದ. ಅದಕ್ಕೆ ಹಗ್ಗ ಉಳಿದಿರಲಿಲ್ಲ. ಅದಕ್ಕೇ ಅದು ನೆನಪೈತಿ."

"ಏನದು?"

"'ಜಾಗದ ಹೆಸರು ಯಾಕೆ ಬೇಕು ತಂಗಿ ಹಾಲವ್ವಗೆ? ಬೊಮ್ಮಣ್ಣನ ಒಲೆ ಇರಬೇಕಲ್ಲ. ಒಂದು ಒಲೆಯಿಂದ ಮುಂದಿನ ಒಲೆಗೆ ಹೋಗಲಿ. ಒಂಬತ್ತನೇ ಒಲೆ ಹಿಂದೆ ದಿಬ್ಬ, ದಿಬ್ಬದ ಹಿಂದೆ ಸಮುದ್ರ. ಕಾರಹುಣ್ಣಿಮೆಯೊಳಗೆ ವಾಪಸು ಹೊರಡಬೇಕು. ಮಳೆ ಹಿಡಿದರೆ ಹೊಳೆ ದಾಟಗೊಡಂಗಿಲ್ಲ' ಅಂದ."

ಉಪ್ಪಿನ ಗಾಡಿಯವರ ಪದ್ಧತಿ ಅದು. ತಂಗುವಲ್ಲೆಲ್ಲ ಒಬ್ಬೊಬ್ಬರದೂ ಒಂದೊಂದು ಒಲೆ. ಮೂರು ಕಲ್ಲು, ಕಲ್ಲಿಗೆ ಉಳಿಯಿಂದ ಕೊರೆದ ಅವರವರ ಗುರುತು. ಬೊಮ್ಮಣ್ಣನದು ಎರಡು ಗೀರು. ಒಬ್ಬರ ಒಲೆಯನ್ನು ಇನ್ನೊಬ್ಬರು ಹೊತ್ತಿಸುತ್ತಿರಲಿಲ್ಲ, ಸತ್ತವರದನ್ನು ಕೂಡ.

ಹಾಲವ್ವ ಗಂಟು ಬಿದ್ದ ಹಗ್ಗವನ್ನು ಬೆರಳಿನಿಂದ ಸವರಿದಳು. ಗಂಡ ಎಲ್ಲಿ ಉಣ್ಣುತ್ತಿದ್ದ, ಎಲ್ಲಿ ಮಲಗುತ್ತಿದ್ದ ಎಂದು ಇಪ್ಪತ್ತು ವರ್ಷ ಒಬ್ಬಳೇ ಯೋಚಿಸಿದ್ದವಳು. ಆಮೇಲೆ ಎದ್ದು ಹಿಟ್ಟು ಜರಡಿ ಹಿಡಿದಳು.

ದಾರಿಯ ಬುತ್ತಿಗೆ ಅರವತ್ತು ಕಟಕು ರೊಟ್ಟಿ ತಟ್ಟಿದಳು.

"ಉಪ್ಪು ಸರಿಯಾಗಿ ಬಿದ್ದೈತೋ ಇಲ್ಲೋ, ತಿಂದು ಹೇಳು" ಎಂದು ನೀರಿಗೆ ಹೋದಳು. ಬರುವಷ್ಟರಲ್ಲಿ ಬುಟ್ಟಿ ಖಾಲಿ.

"ಎಲ್ಲಿ ಹೋದವೋ ರೊಟ್ಟಿ?"

"ಯಾವುದರಾಗ ಕಡಿಮಿ ಬಿದ್ದೈತೋ ಯಾರಿಗೆ ಗೊತ್ತು ಯವ್ವ! ಎಲ್ಲಾ ತಿಂದು ನೋಡಿದೆ. ಎಲ್ಲಾದರಾಗೂ ಸರಿ ಐತಿ."

"ನಿನ್ನ ಹೊಟ್ಟಿಗಿಷ್ಟು! ಅವ್ವ ಒಬ್ಬಳಿದ್ದಾಳೆ ಅನ್ನೋದು ನೆನಪಿಲ್ಲೇನು? ಯಾವುದೇ ಇರಲಿ, ಮೊದಲು ಅವ್ವನ ಪಾಲು. ಆಮೇಲೆ ನಿಂದು!"

"ಆಯ್ತವ್ವ. ಇನ್ನು ಮೇಲೆ ಹಂಗೇ ಮಾಡ್ತೀನಿ."

ಬೈದು ಸುಸ್ತಾಗಿ ಹಾಲವ್ವ ಮತ್ತೆ ಹಿಟ್ಟು ಕಲಸಿದಳು. ಕಲಸುತ್ತಾ ಒಂದು ಅನುಮಾನ ಬಂತು. ನಾಲ್ಕು ವರ್ಷ ಆಯಿತಲ್ಲ, ಒಲೆ ಇದ್ದಾವೋ ಇಲ್ಲವೋ?

"ಕೊಟ್ರಾ, ಗಾಡಿ ಕಟ್ಟಿಕೊಂಡು ಹೋಗಿ ಒಲೆ ಅದಾವೋ ಇಲ್ಲೋ ನೋಡಿ ಬಾ. ಬರೀ ಬಾಯಿಮಾತು ನಂಬಂಗಿಲ್ಲ ನಾನು. ನೋಡಿದ್ದಕ್ಕೆ ಗುರುತು ತರಬೇಕು."

ಮೊದಲನೇ ಒಲೆ ನೋಡಿ ನಾಳೆ ಬರುತ್ತಾನೆ ಎಂದುಕೊಂಡಳು. ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಮಗಳು ದುರುಗವ್ವ ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಗಂಟು ಮೂಟೆ ಕಟ್ಟಿಕೊಂಡು ಬಂದಳು. ಎಂಟು ದಿನ ಕಾದಳು.

"ಯವ್ವ, ಅವನ್ನ ಕಳಿಸೋ ಬದಲು ಎತ್ತುಗಳನ್ನಷ್ಟೇ ಕಳಿಸಿದ್ದರೆ ಇಷ್ಟೊತ್ತಿಗೆ ಬರತಿದ್ದವು" ಎಂದಳು.

ಆಮೇಲೆ ಗಂಡನ ಮನೆಯಿಂದ ಕರೆ ಬಂತು. ಹೊಲ ಹದ ಮಾಡಬೇಕು, ಬಿತ್ತನೆ ಹತ್ತಿರ ಬಂತು. ಮಕ್ಕಳು ಅಳುತ್ತಾ ಹೋದವು. ಹಾಲವ್ವ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಪಡುವಣಕ್ಕೆ ಮುಖ ಮಾಡುತ್ತಿದ್ದಳು. ದಿನದಿಂದ ದಿನಕ್ಕೆ ಪಡುವಣ ಮಸುಕಾಗುತ್ತಿತ್ತು.

ತಿಂಗಳ ಮೇಲೆ ಗಾಡಿ ಬಂತು. ಅಚ್ಚು ಕಿರ್‍ರೋ ಎನ್ನುತ್ತಿತ್ತು. ಎತ್ತುಗಳ ಬಾಯಲ್ಲಿ ನೊರೆ. ಕೊಟ್ರನ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ಗಾಡಿಯಲ್ಲಿ ಇಪ್ಪತ್ತೇಳು ಕಲ್ಲು.

"ಯವ್ವಾ, ಎಲ್ಲಾ ಅದಾವ! ಒಂದೂ ಕಳೆದಿಲ್ಲ. ಗುರುತಿಲ್ಲದೆ ನಂಬಂಗಿಲ್ಲ ಅಂದಿದ್ದಿ. ಅದಕ್ಕೇ ಒಂಬತ್ತೂ ಒಲೆ ಕಿತ್ತು ತಂದೆ!"

ಹಾಲವ್ವ ಕಟ್ಟೆಯಿಂದ ಇಳಿದಳು. ಗಾಡಿ ಹತ್ತಿರ ಹೋಗಿ ಒಂದೊಂದೇ ಕಲ್ಲು ಮುಟ್ಟಿದಳು. ಬೆರಳಿಗೆ ಎರಡು ಗೀರು ಸಿಕ್ಕವು. ಕೈ ಮಸಿ ಮಸಿ. ಆ ಮಸಿ ಗಂಡ ಊದಿದ ಬೆಂಕಿಯದು. ಆಮೇಲೆ ಬೈಗುಳ ಹೊರಟಿತು.

"ಅಯ್ಯೋ ಮುಠ್ಠಾಳ! ಅಯ್ಯೋ ನನ್ನ ದಾರೀನೇ ಕಿತ್ತು ತಂದೆಲ್ಲೋ! ಎಲ್ಲಿಂದ ಏನು ತಂದೀಯೋ ಅದನ್ನ ಅಲ್ಲೇ ವಾಪಸು ಇಟ್ಟು ಬರಬೇಕು. ಒಂದೂ ಬಿಡದಂಗೆ ಇಡಬೇಕು. ಕೇಳಿಸ್ತಾ?"

"ಕೇಳಿಸ್ತವ್ವ. ಇನ್ನು ಮೇಲೆ ಹಂಗೇ ಮಾಡ್ತೀನಿ."

"ನಡಿ, ನಾನೂ ಬರ್ತೀನಿ."

ಕಾರಹುಣ್ಣಿಮೆಗೆ ಹನ್ನೆರಡೇ ದಿನ ಉಳಿದಿತ್ತು. ಹಾಲವ್ವ ಕಲ್ಲುಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಮೊದಲನೇ ತಂಗುದಾಣದಲ್ಲಿ ಬೇವಿನಮರ. ಕಿತ್ತ ಕಡೆಯಲ್ಲಿ ಮೂರು ಕುಳಿ ಹಾಗೇ ಇದ್ದವು. ಕೊಟ್ರ ಕಲ್ಲು ಕೂರಿಸಿದ. ಅವ್ವ ಸೌದೆ ಇಟ್ಟು ಊದಿದಳು, ಮುದ್ದೆ ಬೇಯಿಸಿದಳು, ಗಂಡ ಕೂತಿರಬಹುದಾದ ಕಡೆ ಕೂತು ಉಂಡಳು. ಎರಡನೆಯದು ಕೆರೆಯ ಏರಿ. ಅಲ್ಲೂ ಊದಿದಳು, ಉಂಡಳು. ಕಲ್ಲು ಇಳಿದಂತೆ ಗಾಡಿ ಹಗುರಾಯಿತು. ಘಟ್ಟ ಇಳಿದ ಮೇಲೆ ಗಾಳಿ ಬೆಚ್ಚಗೆ, ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿತು. ಕಡೆಯ ದಿನ ಬೆಳಿಗ್ಗೆ ಹೊಳೆ ದಾಟಿದರು. ನೀರು ಎತ್ತಿನ ಮೊಣಕಾಲಿನಷ್ಟು.

ಒಂಬತ್ತನೇ ತಂಗುದಾಣಕ್ಕೆ ಬಂದಾಗ ಹೊತ್ತು ಮುಳುಗಿತ್ತು. ದಿಬ್ಬದ ಆಚೆ ಏನೋ ಉಸಿರಾಡುತ್ತಿತ್ತು.

"ಏನೋ ಅದು ಸದ್ದು?"

"ಸಮುದ್ರ ಇರಬೇಕು, ಯವ್ವ."

ಹಾಲವ್ವ ಗಾಡಿಯಿಂದ ಇಳಿಯಹೋಗಿ ನಿಂತಳು. ಈ ಮಬ್ಬಿನಲ್ಲಿ ತನ್ನ ಕಣ್ಣಿಗೆ ಕೈಯೇ ಕಾಣುತ್ತಿರಲಿಲ್ಲ.

"ಬೇಡ. ಬೆಳಕಾಗಲಿ. ಬೆಳಕಿನಾಗ ಪೂರಾ ನೋಡ್ತೀನಿ" ಎಂದಳು. ಆ ಸದ್ದು ಕೇಳುತ್ತಾ ಗಾಡಿಯಲ್ಲೇ ಅಡ್ಡಾದಳು. ಎಷ್ಟೋ ವರ್ಷದಿಂದ ಬಾರದ ನಿದ್ದೆ ಬಂತು.

ಕೋಳಿ ಕೂಗುವ ಹೊತ್ತಿಗೆ ಕೊಟ್ರ ಎದ್ದ. ಕಡೆಯ ಮೂರು ಕಲ್ಲು ಕೂರಿಸಿದ. ಕೈ ಕೊಡವಿದ. ಎಲ್ಲಿಂದ ತಂದದ್ದು ಅಲ್ಲಿಗೆ ಇಟ್ಟಾಯಿತಾ ಎಂದು ಗಾಡಿ ನೋಡಿದ. ಇಲ್ಲ, ಒಂದು ಉಳಿದಿತ್ತು. ಅವ್ವ ಉಳಿದಿದ್ದಳು. ಅವ್ವನನ್ನು ತಂದದ್ದು ಎಲ್ಲಿಂದ? ಮನೆಯಿಂದ.

ಎತ್ತು ಹೂಡಿದ. ಅವ್ವನ ನಿದ್ದೆ ಕೆಡಬಾರದೆಂದು ಕೊರಳ ಗಂಟೆಗಳಿಗೆ ಹುಲ್ಲು ತುರುಕಿದ. ಗಾಡಿ ತಿರುಗಿಸಿದ.

ಹಾಲವ್ವನಿಗೆ ಎಚ್ಚರವಾದದ್ದು ಸಂಜೆಯ ಗುಡುಗಿಗೆ. ಎದ್ದು ಕೂತು ಕಿವಿಗೊಟ್ಟಳು. ಆ ಸದ್ದು ಇಲ್ಲ. ಹಿಂದೆ ಬೇರೊಂದು ಸದ್ದು. ಘಟ್ಟದಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಬಂದಿತ್ತು. ನಿನ್ನೆ ಬೆಳಿಗ್ಗೆ ದಾಟಿದ ಕಡೆ ಈಗ ಮರದ ತುದಿಗಳಷ್ಟೇ ಕಾಣುತ್ತಿದ್ದವು. ನೀರು ಏರುವ ಮೊದಲೇ ಗಾಡಿ ದಾಟಿತ್ತು; ಅವರು ಮನೆಯ ಕಡೆಯ ದಡದಲ್ಲಿದ್ದರು.

"ಕೊಟ್ರಾ, ಸಮುದ್ರ ಎಲ್ಲೋ?"

"ಅಲ್ಲೇ ಐತಿ ಯವ್ವ. ಅದನ್ನ ನಾನು ತಂದಿರಲಿಲ್ಲಲ್ಲ. ನಿನ್ನಷ್ಟೇ ತಂದಿದ್ದೆ. ಎಲ್ಲಿಂದ ತಂದೆನೋ ಅಲ್ಲಿಗೆ ಇಡಬೇಕಲ್ಲ!"

ಹಾಲವ್ವ ಹೊಳೆಯ ಕಡೆ ಮುಖ ತಿರುಗಿಸಿದಳು.

"ನೀನಾದರೂ ನೋಡಿದೆಯೇನೋ? ಹೆಂಗಿತ್ತು, ಅಷ್ಟಾದರೂ ಹೇಳು."

"ಎರಡು ಸಲ ಹೋದೆ. ಎರಡು ಸಲಾನೂ ಕಣ್ಣು ಮುಚ್ಚಿಕೊಂಡಿದ್ದೆ. ಮೊದಲನೇ ಸಲ ತೆಂಗಿನಮರಕ್ಕೆ ಹಣೆ ಬಡಕೊಂಡೆ." ಕೊಟ್ರ ಬುಗುಟು ಮುಟ್ಟಿ ತೋರಿಸಿದ. "ಮೊದಲು ಅವ್ವನ ಪಾಲು ಅಂದಿದ್ದಿ."

ಬೈಯಲೆಂದು ಹಾಲವ್ವ ಬಾಯಿ ತೆರೆದಳು. ತುಟಿ ಉಪ್ಪಗಿತ್ತು. ನಾಲಿಗೆಯಿಂದ ಇನ್ನೊಮ್ಮೆ ಮುಟ್ಟಿ ನೋಡಿದಳು. ಗಂಡ ಊರಿಗೆ ಬಂದ ದಿನ ಅವನ ಅಂಗಿ ಒಗೆಯುವಾಗ ಬರುತ್ತಿದ್ದ ವಾಸನೆ ತನ್ನ ಸೆರಗಿನಿಂದಲೇ ಬರುತ್ತಿತ್ತು.

"ಮುಂದಿನ ವರ್ಷ" ಎಂದಳು. ಅದು ಯಾರ ಮಾತು ಎಂದು ಅಂದ ಮೇಲೆ ಹೊಳೆಯಿತು. "ಮುಂದಿನ ವರ್ಷ ಬರಬೇಕು. ಮರೀಬೇಡ, ಕೊಟ್ರಾ."

"ಮರೆಯಂಗಿಲ್ಲ ಯವ್ವ" ಎಂದ ಕೊಟ್ರ. ಗಾಡಿ ನಿಲ್ಲಿಸಿ ಕೆಳಗಿಳಿದ. ಕೈಗೆ ಸಿಕ್ಕ ಹಗ್ಗಕ್ಕೆ ಒಂದು ಗಂಟು ಹಾಕಿದ. ಮರೆತೀತೆಂದು ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು ಹಾಕಿದ. ಎತ್ತಿನ ಬಿಸಿ ಮೂತಿ ಅವನ ಕೈಗೆ ತಾಗುವವರೆಗೂ ಹಾಕುತ್ತಲೇ ಇದ್ದ.