ಅರಸಿಯಂಗಡಿ ಗುಡ್ಡ

ಬಿಲ್ಲಗುಂದಿಯಿಂದ ಮೂಡಣಕ್ಕೆ ಹೊರಟರೆ ಹುಣಸೆಮರಗಳ ಸಾಲು ಮುಗಿಯುವಲ್ಲಿ ಬೋಳು ಗುಡ್ಡವೊಂದು ಎದುರಾಗುತ್ತದೆ. ಅದರ ನೆತ್ತಿಯಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ, ಬುರುಜಿಲ್ಲ. ಕರಿ ಕಂಬಳಿ ಹೊದ್ದ ಒಂದು ಹಾಸುಬಂಡೆ, ಅಷ್ಟೇ. ಬಸ್ಸಿನ ಕಂಡಕ್ಟರು ‘ಅರಸಿಯಂಗಡಿ’ ಎಂದು ಕೂಗಿದಾಗ ಪರಸ್ಥಳದವರು ಇಳಿದು, ಅಂಗಡಿ ಎಲ್ಲಿದೆಯೆಂದು ಸುತ್ತ ನೋಡುತ್ತಾರೆ. ಬೆಂಕಿಪೊಟ್ಟಣ ಕೊಳ್ಳಲೂ ಅಲ್ಲೊಂದು ಗೂಡಂಗಡಿ ಕಾಣದು. ಇರಲಿ, ಹೆಸರೆಂಬುದು ಸುಮ್ಮನೆ ಬೀಳುವುದಿಲ್ಲ. ಈ ಹೆಸರನ್ನು ಸಂಪಾದಿಸಿದವಳು ಒಬ್ಬ ಹೆಂಗಸು, ಅದೂ ಅರಮನೆಯ ಹೆಂಗಸು.

ಹಿಂದೆ ಒಮ್ಮೆ ಬಿಲ್ಲಗುಂದಿಯಲ್ಲಿ ನಾಯಕರ ಪುಟ್ಟ ಪಾಳೆಯಪಟ್ಟು ಇತ್ತು. ಹಿರಿಯ ನಾಯಕ ಮಕ್ಕಳಿಲ್ಲದೆ ತೀರಿಕೊಂಡ. ಅವನ ಮಡದಿ ಮಾಳವ್ವ ನಾಗತಿ ಬಿಳಿ ಸೀರೆಯುಟ್ಟು ಒಳಮನೆ ಸೇರಿದಳು; ಮೈದುನ ಕಸ್ತೂರಿನಾಯಕ ಗದ್ದುಗೆಯೇರಿದ. ಅದೇ ವರುಷ ಬಡಗಣ ದೊಡ್ಡ ಅರಸ ಪಾಳೆಯಪಟ್ಟನ್ನು ತನ್ನ ಅಡಿಗೆ ತಂದುಕೊಂಡು ಅದರ ದಂಡನ್ನು ಮುರಿದುಹಾಕಿದ. ದಂಡು ಹೋದರೆ ಹೋಗಲಿ, ಆದರೆ ಗುಡ್ಡದ ತಪ್ಪಲಲ್ಲೊಂದು ಕಂಬಳಿ ನೇಯುವವರ ಕೇರಿಯಿತ್ತು. ಆ ಕೇರಿಯ ಅನ್ನವೆಲ್ಲ ದಂಡಿನ ಹೊದಿಕೆಯಿಂದಲೇ ಬರುತ್ತಿತ್ತು. ಕೊಳ್ಳುವವರಿಲ್ಲದೆ ಕಂಬಳಿಯ ರಾಶಿ ಮನೆಯ ಮಾಡು ಮುಟ್ಟಿತು. ಕಡೆಗೊಂದು ದಿನ ಕೇರಿಯ ಹಿರಿಯ ಬೀರಜ್ಜ ಮಗ್ಗಗಳನ್ನು ಬಿಚ್ಚಿ ಗಾಡಿಗೆ ಹೇರಿಸಿ, ಊರು ಬಿಡುವ ಅಪ್ಪಣೆ ಕೇಳಲು ಅರಮನೆಗೆ ಬಂದ. ದೊರೆ ಹೂಂ ಎಂದ. ಒಳಗಿಂದ ನಾಗತಿ ಎದ್ದು ಬಂದಳು. ಆ ಕೇರಿಯನ್ನು ದೂರದ ಸೀಮೆಯಿಂದ ಕರೆತಂದು ನೆಲೆಗೊಳಿಸಿದವನು ಅವಳ ಗಂಡ. ಅವನು ಕಟ್ಟಿದ್ದರಲ್ಲಿ ಉಳಿದದ್ದು ಅದೊಂದೇ. ಅದೂ ಈಗ ಗಾಡಿಯೇರಿ ಹೊರಟಿತ್ತು.

“ಅಜ್ಜ, ಎತ್ತು ಬಿಚ್ಚು,” ಎಂದಳು. “ಎರಡು ಸಂತೆ ನೋಡು. ನಿನ್ನ ಕಂಬಳಿ ನಾನು ಮಾರುತ್ತೇನೆ.”

ಅಯ್ಯೋ, ಮಾರುತ್ತೇನೆ ಎಂದಳೇನೋ ಸರಿ, ಮಾರುವುದು ಅವಳಿಗೇನು ಗೊತ್ತು? ಗುಡ್ಡದ ಮೇಲೆ ದಾರಿ ಕೂಡುವಲ್ಲಿ ಸಂತೆ ನೆರೆಯುತ್ತಿತ್ತು; ಮೊದಲ ಸಂತೆಯ ದಿನ ಅಲ್ಲಿಗೆ ಪಲ್ಲಕ್ಕಿಯಲ್ಲಿ ಬಂದಳು. ಮುಂದೆ ಕೊಂಬು, ಹಿಂದೆ ಛತ್ರಿ, ಕೆಳಗೆ ರತ್ನಗಂಬಳಿ. ಜನ ಬಂದರು, ಬಂದು ಅಡ್ಡಬಿದ್ದರು. ತೆಂಗಿನಕಾಯಿ ಇಟ್ಟರು, ಎಲೆಯಡಿಕೆ ಇಟ್ಟರು, ಕೈಮುಗಿದು ಹಿಂದೆ ಹಿಂದೆ ಸರಿದು ಹೋದರು. ಸಂಜೆಗೆ ಕಾಯಿಯ ರಾಶಿ ಬೆಳೆದಿತ್ತು, ಕಂಬಳಿಯ ರಾಶಿ ಕರಗಿರಲಿಲ್ಲ. ನಾಗತಿ ಕುರಿಗಾಹಿ ಮುದುಕಿಯೊಬ್ಬಳನ್ನು ತಡೆದು, ಏಕೆ ಕೊಳ್ಳಲಿಲ್ಲವೆಂದು ಕೇಳಿದಳು.

“ಹೆಂಗ್ ಕೊಳ್ಳಾದು ನನ್ನವ್ವ? ದ್ಯಾವರ ಮುಂದ್ ನಿಂತು ಚೌಕಾಸಿ ಮಾಡಾಕಾಯ್ತದಾ?” ಎಂದಳು ಮುದುಕಿ.

ನಾಗತಿ ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟಳಂತೆ, ಆಮೇಲೆ ಪಲ್ಲಕ್ಕಿ ಅದುರುವಷ್ಟು ನಕ್ಕಳಂತೆ. ವಿಧವೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎನ್ನುತ್ತಾರೆ.

ಎರಡನೆಯ ಸಂತೆಗೆ ಅವಳು ನಡೆದೇ ಬಂದಳು. ಬರಿ ಬಂಡೆಯ ಮೇಲೆ ಕೂತು, ಹೋಗುವವರನ್ನೆಲ್ಲ ಕೂಗಿ ಕರೆದಳು. ಬಿಡಿಯಾಗಿ ನಾಲ್ಕಾರು ಹೋದವು; ಆದರೆ ಕೇರಿ ಉಳಿಯಬೇಕಾದರೆ ಸಗಟು ಕೊಳ್ಳುವವನು ಬೇಕು. ಮಧ್ಯಾಹ್ನದ ಹೊತ್ತಿಗೆ ಹೇರೆತ್ತುಗಳ ಸಮೇತ ಅಡಿವೆಪ್ಪ ಶೆಟ್ಟಿ ಎಂಬ ದೊಡ್ಡ ವ್ಯಾಪಾರಿ ಬಂದ. ಕಂಬಳಿಯೊಂದನ್ನು ತೊಟ್ಟಿಲಂತೆ ಹಿಡಿಸಿ ಕೊಡ ನೀರು ಹೊಯ್ದ. ಹುಣಸೆಬೀಜದ ಗಂಜಿ ಕುಡಿದ ನೇಯ್ಗೆ, ಹನಿ ಇಳಿಯಲಿಲ್ಲ. ಶೆಟ್ಟಿಗೆ ಮಾಲು ಹಿಡಿಸಿತು. ಸಗಟು ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿ ಆ ಸೀಮೆಯಲ್ಲಿಲ್ಲ; ಬಟ್ಟೆಯ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದೇ ಕುದುರಿಸಬೇಕು. ಅಭ್ಯಾಸಬಲದಿಂದ ಶೆಟ್ಟಿ ಕಂಬಳಿಯಡಿ ಕೈ ಚಾಚಿದ. ಎದುರಿಗೆ ಕೂತವಳು ಯಾರೆಂಬುದು ನೆನಪಾಗಿ ಕೆಂಡ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ.

ಅಷ್ಟರಲ್ಲಿ ಅರಮನೆಯ ಓಲೆಕಾರ ಮುಂದೆ ಬಂದು, “ಅವ್ವಾರೆ, ಪರಗಂಡಸಿನ ಕೈ ಮುಟ್ಟಿದರೆ ಮತ್ತೆ ಅರಮನೆಯ ಹೊಸ್ತಿಲು ತುಳಿಯಕೂಡದೆಂದು ದೊರೆಯ ಅಪ್ಪಣೆಯಾಗಿದೆ,” ಎಂದ. ಶೆಟ್ಟಿ ಮೆಲ್ಲಗೆ, “ತಾಯಿ, ನಿಮ್ಮ ಪರವಾಗಿ ಯಾರಾದರೂ ಆಳು ಕೈ ಕೊಡಲಿ,” ಎಂದ. ನಾಗತಿ ತಪ್ಪಲಿನತ್ತ ನೋಡಿದಳು. ಮಗ್ಗ ಹೊತ್ತ ಗಾಡಿಗಳು ಇನ್ನೂ ಹಾಗೆಯೇ ನಿಂತಿದ್ದವು.

“ಕಂಬಳಿ ಮೇಲೆ ಉಣ್ಣಲು ಕೂತು ಕೂದಲು ಆರಿಸಿದರಾದೀತೇ ಶೆಟ್ಟರೆ? ಕೈ ಆಳಿನದಾದರೆ ಮಾತೂ ಆಳಿನದೇ ಆಗುತ್ತದೆ. ಹಿಡಿಯಿರಿ,” ಎಂದು ಕಂಬಳಿಯಡಿ ತನ್ನ ಕೈ ಚಾಚಿದಳು.

ಒಳಗೆ ಏನೇನು ನಡೆಯಿತೋ ಆ ಕಂಬಳಿಗೇ ಗೊತ್ತು. ಶೆಟ್ಟಿಯ ಹಣೆ ಬೆವರಿತು, ಮೀಸೆ ಕುಣಿಯಿತು, ಎರಡು ಸಲ ಎದ್ದು ಹೊರಟವನು ಎರಡು ಸಲವೂ ಕೂತ. ಕಡೆಗೆ ಕೈ ಹೊರತೆಗೆದು ಬೆರಳು ನೀವಿಕೊಳ್ಳುತ್ತ, “ಕುದುರೆ ದಲ್ಲಾಳಿಗಳ ಕೈ ಹಿಡಿದವನು ನಾನು, ಇಂಥ ಗಟ್ಟಿ ಕೈ ಕಂಡಿಲ್ಲ. ಹೇರಿರಪ್ಪ ಎಲ್ಲ!” ಎಂದು ಕೂಗಿದ. ಬೀರಜ್ಜ ಬಿದ್ದು ಎದ್ದು ಓಡಿಹೋಗಿ ಮಗ್ಗಗಳನ್ನು ಇಳಿಸಿದ. ಆ ರಾತ್ರಿ ಅರಮನೆಯ ಬಾಗಿಲು ಮುಚ್ಚಿತು. ನಾಗತಿ ಬಂಡೆಯ ಪಕ್ಕ ಗುಡಿಸಲು ಹಾಕಿಸಿಕೊಂಡಳು. ಅತ್ತಳೋ ಇಲ್ಲವೋ, ಕಂಡವರಿಲ್ಲ.

ಮುಂದಿನದು ಶಾನೆ ವೈಭವದ ಮಾತು. ಉಣ್ಣೆ ಕತ್ತರಿಸುವ ಕಾಲಕ್ಕೆ ಕುರಿಹಟ್ಟಿಗಳಿಗೆ ತಾನೇ ನಡೆದುಹೋಗುವಳು. ಗಂಜಿಗೆಂದು ದಾರಿಯುದ್ದಕ್ಕೂ ಹುಣಸೆ ನೆಡಿಸಿದಳು. ನೇಯ್ಗೆ ಸಡಿಲವಾದರೆ ಸಂತೆಯ ನಡುವೆಯೇ ಎಳೆ ಬಿಚ್ಚಿ ನೇಯ್ದವನ ಹೆಗಲಿಗೆ ಹಾಕುವಳು, ಬಾಯಿಯೂ ಅಷ್ಟೇ ಜೋರು. ಅವಳ ಕಂಬಳಿ ಘಟ್ಟ ಇಳಿದು ಬಂದರುಗಳಿಗೆ ಹೋಯಿತು, ಬಡಗಣ ಕೋಟೆಗಳಿಗೆ ಹೋಯಿತು. ಒಂದು ಕೇರಿಯಿದ್ದದ್ದು ಊರಾಯಿತು.

ಹೀಗಿರಲು ದೊಡ್ಡ ಅರಸನಿಂದ ಕಸ್ತೂರಿನಾಯಕನಿಗೆ ಆಜ್ಞೆ ಬಂತು: ಚಳಿಗೆ ಮುಂಚೆ ನನ್ನ ದಂಡಿಗೆಲ್ಲ ಕಂಬಳಿ ಒದಗಿಸು, ಇಲ್ಲವೇ ಗದ್ದುಗೆ ಬಿಡು. ಅಷ್ಟು ಕಂಬಳಿ ಇದ್ದದ್ದು ಒಂದೇ ಕಡೆ. ದೊರೆ ಓಲೆಕಾರನನ್ನು ಅಟ್ಟಿದ. “ಅರಮನೆಗೆ ಬೇಕಿದ್ದರೆ ಅರಮನೆಯೇ ಅಂಗಡಿಗೆ ಬರಲಿ,” ಎಂದು ನಾಗತಿ ಹೇಳಿಕಳಿಸಿದಳು. ಬಂದ, ಬಾರದೆ ಏನು ಮಾಡಿಯಾನು? ತಲೆತಗ್ಗಿಸಿ ಗುಡ್ಡ ಹತ್ತಿ ಬಂಡೆಯ ಮುಂದೆ ಕೂತು ಕಂಬಳಿಯಡಿ ಕೈ ಚಾಚಿದ. ನಾಗತಿ ಎಲ್ಲರಿಗೂ ಹೇಳುವ ಬೆಲೆಯನ್ನೇ ಅವನ ಬೆರಳಿಗೂ ಹೇಳಿದಳು. ಅವನು ಥಟ್ಟನೆ ಒಪ್ಪಿ ತಲೆಯಾಡಿಸಿ ಏಳಹೋದ. ಅವಳು ಕೈ ಬಿಡಲಿಲ್ಲ.

“ಹೇಳಿದ್ದಕ್ಕೆಲ್ಲ ಹೂಂ ಎಂದರೆ ಅದು ಕಾಣಿಕೆಯಾಯಿತು, ದೊರೆ. ನನಗೆ ಕಾಣಿಕೆ ಬೇಡ, ಗಿರಾಕಿ ಬೇಕು. ಕೂತು ಚೌಕಾಸಿ ಮಾಡು.”

ದೊರೆ ಕೂತ. ಚೌಕಾಸಿ ಮಾಡಿದ, ಸೋತ, ಮತ್ತೆ ಮಾಡಿದ. ಸುತ್ತ ನೆರೆದ ಜನ ಶಿಳ್ಳೆ ಹೊಡೆದರು. ಕಡೆಗೆ ಅವನ ಕಣ್ಣು ತುಂಬಿ ಬಂದು, “ಅತ್ತಿಗೆ, ತಪ್ಪಾಯಿತು. ಮನೆಗೆ ಬನ್ನಿ,” ಎಂದ.

“ಬರುತ್ತೇನಪ್ಪ,” ಎಂದಳು ನಾಗತಿ, “ಸಂತೆಯಿಲ್ಲದ ದಿನ.”

ಪಾಳೆಯಪಟ್ಟು ಹೋಯಿತು, ಅರಮನೆ ನೆಲಸಮವಾಗಿ ಅಲ್ಲೀಗ ಜೋಳ ಬೆಳೆಯುತ್ತಾರೆ. ಗುಡ್ಡದ ಬಂಡೆಗೆ ಮಾತ್ರ ವರುಷಕ್ಕೊಂದು ಹೊಸ ಕಂಬಳಿ ತಪ್ಪಿಲ್ಲ. ಸಂತೆಯ ದಿನ ಅದರ ಸುತ್ತ ಹೆಂಗಸರು ಕಂಬಳಿ ಹರವಿಕೊಂಡು ಕೂತಿರುತ್ತಾರೆ. ಪೇಟೆಯಿಂದ ಬಂದವರು ಹೇಳಿದಷ್ಟು ದುಡ್ಡು ಕೊಟ್ಟು ಗಂಟು ಎತ್ತಿಕೊಂಡರೆ ಈಗಲೂ ಬಿಡುವುದಿಲ್ಲ. ಸೆರಗು ಸಿಕ್ಕಿಸಿಕೊಂಡು, “ಏ, ಕೂಡ್ರಿ ಕೂಡ್ರಿ, ಒಂದೀಟು ಜಗಳ ಆಡ್ರಿ” ಎಂದು ಕೈಹಿಡಿದು ಕೂರಿಸುತ್ತಾರೆ.